ಹುಲಿಗೆವ್ವನ ದವಡೆಯಿಂದ

ನಾನು ಒಂದು ದವಡೆ ಹಲ್ಲು. ಹುಟ್ಟಿದ್ದೇ ರಕ್ತದಲ್ಲಿ. ಕಲ್ಲುಕ್ವಾರಿಯ ಶೆಡ್ಡಿನಲ್ಲಿ ಬೆಳೆಯುತ್ತಿದ್ದ ಆರು ವರ್ಷದ ಹುಲಿಗೆವ್ವನ ಒಸಡು ಸೀಳಿಕೊಂಡು ಹೊರಬಂದೆ. ಯಾವ ಹಾಲುಹಲ್ಲನ್ನೂ ಬೀಳಿಸದೆ ಸಾಲಿನ ಕೊನೆಯಲ್ಲಿ ಬಂದು ನಿಂತೆ. ಅದೇ ನನಗೆ ಕುತ್ತಾಯಿತು. ಎಲ್ಲರೂ ನನ್ನನ್ನೂ ಹಾಲುಹಲ್ಲೆಂದೇ ತಿಳಿದರು.

ನನ್ನ ನೆತ್ತಿಯ ತುಂಬ ಆಳವಾದ ಕೊರಕಲುಗಳು. ತಾಯಿ ಯಂಕವ್ವ ಕಲ್ಲು ಒಡೆಯುವಾಗ ಹುಲಿಗೆವ್ವ ಮತ್ತು ತಂಗಿ ಕರಿಯವ್ವ ಅಳದಿರಲೆಂದು ಚಹಾದಲ್ಲಿ ಅದ್ದಿದ ಬಿಸ್ಕೀಟು ಕೊಡುತ್ತಿದ್ದಳು. ಅದರ ಅಂಟು ಕೊರಕಲಿಗೆ ಇಳಿಯುತ್ತಿತ್ತು. ಬ್ರಷ್ಷಿನ ಎಳೆ ಅಲ್ಲಿಗೆ ತಲುಪದು.

ಒಂದು ದಿನ ಶಾಲೆಯಲ್ಲಿ ದಂತ ಶಿಬಿರ ನಡೆಯಿತು. ಡಾಕ್ಟರ್ ತಸ್ಲೀಮಾ ನನ್ನನ್ನು ನೋಡಿ, “ಇದು ಹಾಲುಹಲ್ಲಲ್ಲವ್ವಾ, ಮುದುಕಿ ಆಗೂತನಕ ಇರಬೇಕಾದ ಹಲ್ಲು. ಕೊರಕಲಾ ಮುಚ್ಚಿಬಿಡ್ತೀನಿ, ಹುಳುಕು ಹಿಡಿಯೂದಿಲ್ಲ” ಎಂದರು. ನನ್ನನ್ನು ತೊಳೆದು ಒಣಗಿಸಿದರು. ಸುತ್ತ ಹತ್ತಿ ಇಟ್ಟು, ಬಿಳಿಯ ದ್ರವ ಹಚ್ಚಿದರು. ನೀಲಿ ಬೆಳಕು ಹಿಡಿದರೆ ಅದು ಗಟ್ಟಿಯಾಗಿ ನನಗೆ ಕವಚವಾಗುತ್ತಿತ್ತು.

ಅಷ್ಟರಲ್ಲಿ ಶಿಬಿರ ಉದ್ಘಾಟಿಸಬೇಕಿದ್ದ ಮುಖಂಡರು ಹಾರ ಹಾಕಿಕೊಂಡು ಬಂದರು.

“ಏ, ಬಾಯ್ಮುಚ್ಚಿ ಚಂದಂಗ ನಗಬೇ! ಸಾಹೇಬ್ರ ಜೋಡಿ ಫೋಟೋ!” ಎಂದ ಅವರ ಹಿಂಬಾಲಕ.

“ಸರ್, ಉಗುಳು ತಾಗಿದ್ರ ಇದು ಹಿಡಿಯೂದಿಲ್ಲ. ಒಂಚೂರು ನಿಲ್ರಿ.”

“ಮೇಡಮ್, ಹಲ್ಲೇನು ಓಡಿ ಹೊಕ್ಕೈತೇನ್ರಿ? ಸಾಹೇಬ್ರು ಹೊಕ್ಕಾರ!”

ಅವನೇ ಹತ್ತಿ ಕಿತ್ತ. ಉಗುಳು ಪ್ರವಾಹದಂತೆ ನುಗ್ಗಿತು. ನನ್ನ ಕವಚ ಗಟ್ಟಿಯಾಗುವ ಮೊದಲೇ ಕೊಚ್ಚಿಹೋಯಿತು. ಫೋಟೋ ಆಯಿತು, ಕಾರು ಹೊರಟಿತು, ನೀಲಿ ಬೆಳಕಿಗೆ ಕರೆಂಟು ಕೊಡುತ್ತಿದ್ದ ಜನರೇಟರೂ ಲಾರಿ ಹತ್ತಿತು. “ಮತ್ತ ಬರ್ತೀನವ್ವಾ, ಹಚ್ತೀನಿ” ಎಂದರು ಡಾಕ್ಟರ್. ಅವರನ್ನು ಯಾರೂ ಮತ್ತೆ ಕಳಿಸಲಿಲ್ಲ.

ಆಮೇಲೆ ನನ್ನ ಕೊಲೆ ನಡೆಯಿತು, ನಿಧಾನವಾಗಿ. ಕಣ್ಣಿಗೆ ಕಾಣದ ಕ್ರಿಮಿಗಳು ಕೊರಕಲಲ್ಲಿ ಬಿಡಾರ ಹೂಡಿ ಆಮ್ಲ ಉಗುಳಿದವು, ನೆತ್ತಿ ಕರಗಿಸಿ ನರದವರೆಗೆ ಸುರಂಗ ಕೊರೆದವು. ಹುಲಿಗೆವ್ವ ಗೋಡೆಗೆ ತಲೆ ಬಡಿದುಕೊಂಡಳು. “ಹಾಲುಹಲ್ಲು, ಬಿದ್ದು ಹೊಕ್ಕೈತಿ ಬಿಡು” ಎನ್ನುತ್ತ ನೆರೆಯಾಕೆ ನನ್ನೊಳಗೆ ಎಕ್ಕದ ಹಾಲು ಹಿಂಡಿದಳು. ನಾನೂ ಸುಟ್ಟೆ, ಒಸಡೂ ಸುಟ್ಟಿತು. ಕೀವು ತುಂಬಿ ಕೆನ್ನೆ ಊದಿ ಕಣ್ಣೇ ಮುಚ್ಚಿತು.

ತಾಲ್ಲೂಕು ಆಸ್ಪತ್ರೆಯಲ್ಲಿ ಇಬ್ಬರು ಅವಳ ತೋಳು ಒತ್ತಿ ಹಿಡಿದರು. ಕೀವಿನಲ್ಲಿ ನೋವು ಮರಗಟ್ಟಿಸುವ ಇಂಜೆಕ್ಷನ್ ಹಿಡಿಯಲಿಲ್ಲ. ಇಕ್ಕಳ ನನ್ನ ಕತ್ತು ಹಿಡಿದು ತಿರುವಿತು. ಬೇರು ಲಟಕ್ಕೆಂದಿತು. ಆ ಕೂಗಿಗೆ ಹೊರಗೆ ಸಾಲಿನಲ್ಲಿದ್ದ ಮಕ್ಕಳೆಲ್ಲ ಎದ್ದು ಓಡಿದರು.

“ಮತ್ತ ಬರ್ತೈತಲ್ರಿ ಹಲ್ಲು?” ಯಂಕವ್ವ ಕೇಳಿದಳು.

“ಇಲ್ಲಬೇ. ಇದು ಒಮ್ಮೆ ಬರೂ ಹಲ್ಲು” ಎಂದರು ನನ್ನನ್ನು ಕಿತ್ತ ಡಾಕ್ಟರ್.

ಅದನ್ನು ಮಗಳಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹುಲಿಗೆವ್ವ ನನ್ನನ್ನು ಸಗಣಿಯಲ್ಲಿ ಅದ್ದಿ ಶೆಡ್ಡಿನ ತಗಡಿನ ಮಾಡಿನ ಮೇಲೆ ಎಸೆದಳು. “ಹಳೇ ಹಲ್ಲು ತಗೋ, ಹೊಸಾ ಹಲ್ಲು ಕೊಡು!” ಎಂದು ಕೂಗಿದಳು. ದಿನಾ ಬೆಳಿಗ್ಗೆ ಬಾಯಿ ತೆರೆದು, “ಯವ್ವಾ, ಬಂತೇನ ನೋಡು” ಎನ್ನುತ್ತಿದ್ದಳು.

ಕೊನೆಗೊಂದು ದಿನ ಯಂಕವ್ವ, “ಬರೂದಿಲ್ಲ ಮಗಳಾ” ಎಂದಳು. ಹುಲಿಗೆವ್ವ ಅಳಲಿಲ್ಲ. ತಂಗಿಯ ದವಡೆ ಹಿಡಿದು ಬಾಯಿ ತೆರೆಸಿ, “ಹಂಗಾರ ಇದು?” ಎಂದಳು. ಕರಿಯವ್ವನ ಹಾಲುಹಲ್ಲಿನ ಸಾಲಿನ ಕೊನೆಯಲ್ಲಿ ನನ್ನಂಥದೇ ಒಂದು ಹಲ್ಲು ಬೆಳ್ಳಗೆ ತಲೆ ಎತ್ತಿತ್ತು.

ಯಂಕವ್ವ ಅಂದು ಕ್ವಾರಿಗೆ ಹೋಗಲಿಲ್ಲ. ಇಬ್ಬರನ್ನೂ ಕಟ್ಟಿಕೊಂಡು, “ಸಣ್ಣಾಕಿ ಹಲ್ಲಿನ ಕೊರಕಲಾ ಮುಚ್ಚೂತನಕ ಏಳೂದಿಲ್ಲ” ಎಂದು ಆಸ್ಪತ್ರೆಯ ಬಾಗಿಲಲ್ಲಿ ಕೂತಳಂತೆ. ಎಬ್ಬಿಸಲು ಬಂದವನ ಕೈಯನ್ನು ಹುಲಿಗೆವ್ವ ಕಚ್ಚಿದಳಂತೆ, ರಕ್ತ ಬರುವಂತೆ. ಕ್ವಾರಿಯ ಹೆಂಗಸರು ಈ ಮಾಡಿನ ಕೆಳಗೆ ನಿಂತು ಹಾಗೆಂದು ಮಾತಾಡಿಕೊಂಡರು.

ನಾನು ಸತ್ತ ಹಲ್ಲು, ಕಾದ ತಗಡಿನ ಮೇಲೆ ಬಿದ್ದಿದ್ದೇನೆ. ಆ ಕಡಿತದಲ್ಲಿ ನಾನಿರಲಿಲ್ಲವಲ್ಲ ಎಂಬುದೊಂದೇ ನನ್ನ ಸಂಕಟ.