ಅಚ್ಚು ಒಡೆದವರು ಯಾರು

ಟಕ್—ಬಾಗಿಲು ತಟ್ಟಿದಂತೆ, ಆದರೆ ಬಾಗಿಲಲ್ಲಿ ಯಾರೂ ಇಲ್ಲ, ಸೊಳ್ಳೆಪರದೆಯೊಳಗೆ ಥಾಮ್ ಉಸಿರು ಬಿಗಿಹಿಡಿದಳು, ಸದ್ದು ಚಕ್ಕೋತದ ತೋಟದ್ದು, ಕಾಯಿಗೆ ತೊಡಿಸಿದ ಇನ್ನೊಂದು ಅಚ್ಚು ಒಡೆಯಿತು, ಹಾಗಾದರೆ ತಮ್ಮ ತ್ವಾನ್ ಅಲ್ಲ, ಅಲ್ಲವೇ ಅಲ್ಲ, ಅವನು ಗೊಬ್ಬರದ ಕೋಣೆಯಲ್ಲಿದ್ದಾನೆ, ಸಂಜೆ ಮಾವನೇ ಒಳಗೆ ನೂಕಿ ಬೀಗ ಜಡಿದದ್ದು, ಕೀಲಿ ಮಾವನ ಸೊಂಟದಲ್ಲಿದೆ, ಬೀಗ ಜಡಿಯುತ್ತ ಅಂದದ್ದು—ದಿನಾ ರಾತ್ರಿ ಅಚ್ಚು ಒಡೆಯೋದು ನಿನ್ನ ತಮ್ಮನೇ ಕಣಮ್ಮ, ಬೆಳಗಾಗ್ಲಿ, ದೋಣಿ ಹತ್ತಿಸ್ತೀನಿ, ಮತ್ತೆ ಈ ಕಾಲುವೆ ಕಡೆ ತಲೆ ಹಾಕಬಾರ್ದು. ಯಾಕೆ ಅವನೇ? ಊಟಕ್ಕೆ ಕೂತಾಗ ನಕ್ಕಿದ್ದ, ಅಷ್ಟಕ್ಕೇ: ಅಕ್ಕಾ, ನಿಮ್ಮ ಮಾವ ಚಕ್ಕೋತಕ್ಕೂ ಬಿಗಿ ಅಂಗಿ ತೊಡಿಸ್ತಾರಲ್ಲೇ, ಪಾಪ, ಅದು ಉಸಿರಾಡೋದು ಎಲ್ಲಿಂದ? ಮೀನಿನ ಸಾರು ಆರುತ್ತಿತ್ತು, ಮಾವ ನಗಲಿಲ್ಲ. ಕಾಯಿ ಎಳೆಯದಾಗಿರುವಾಗಲೇ ಪ್ಲಾಸ್ಟಿಕ್ ಅಚ್ಚು ತೊಡಿಸಬೇಕು, ಬೆಳೆಯುತ್ತ ಅದು ಅಚ್ಚಿನ ಗೋಡೆಗೆ ಒತ್ತಿಕೊಂಡು, ನಡುವಿನಲ್ಲಿ ಸಣ್ಣಗಾಗಿ, ಜಾಗ ಸಿಕ್ಕ ಕಡೆ ಉಬ್ಬಿ, ಎರಡು ಹೊಟ್ಟೆಯ ಸೋರೆಯಂತಾಗುತ್ತದೆ, ಮೈಮೇಲೆ ಅಚ್ಚಿನೊಳಗೆ ಕೊರೆದ ‘ಸಿರಿ’ ಎಂಬ ಅಕ್ಷರ ಮೂಡುತ್ತದೆ, ಹೊಸವರ್ಷದ ತೆತ್ ಹಬ್ಬಕ್ಕೆ ಗತಿಸಿದ ಹಿರಿಯರ ಪೂಜಾಪೀಠದ ಮೇಲೆ ಕೂರುತ್ತದೆ. ಮಳೆ ಬಿದ್ದರೆ ಅಚ್ಚಿನ ತಿರುಪು ಸಡಿಲಿಸಬೇಕು, ಅತ್ತೆ ಬದುಕಿದ್ದಾಗ ಸಡಿಲಿಸುತ್ತಿದ್ದರು, ಈ ಸಲ ಮಾವ—ಇನ್ನೊಂದು ಸುತ್ತು ಬಿಗಿ ಮಾಡು, ಅಕ್ಷರ ಆಳಕ್ಕೆ ಇಳೀಲಿ—ಅವಳು ಬಿಗಿದಳು, ಬೆರಳು ಇನ್ನೂ ನೋಯುತ್ತಿದೆ—ಟಕ್—ಟಾರ್ಚು, ಟಾರ್ಚೆಲ್ಲಿ, ಜಗಲಿಯಿಂದ ಮಾವ, ಎಲ್ಲಿಗೆ ಹೊರಟೆ? ಕಳ್ಳನ್ನ ಹಿಡಿಯೋಕೆ, ಮಾವ. ಹೆಂಗಸು ಒಬ್ಬಳೇ ಹೋಗ್ತಾಳಂತೆ! ಹೌದು, ಹೋಗ್ತೀನಿ, ನೀವು ಕೀಲಿ ಕಾಯ್ತಾ ಕೂತಿರಿ.

ಹೇಳಿಯೇಬಿಟ್ಟಳು, ಇಷ್ಟು ವರ್ಷ ಅನ್ನದೊಂದಿಗೆ ನುಂಗಿದ ಮಾತು, ನಾಲಿಗೆ ಸುಡುತ್ತಿದೆ, ಸುಡಲಿ, ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಸಂಜೆಯ ಮಳೆಗೆ ತೋಟದ ನೆಲವೆಲ್ಲ ಬೆಣ್ಣೆಯಾಗಿದೆ, ಕೆಸರಿನಲ್ಲಿ ಅವಳ ಹೆಜ್ಜೆ ಬಿಟ್ಟರೆ ಯಾರ ಹೆಜ್ಜೆಯೂ ಇಲ್ಲ, ಮರದ ಬುಡದಲ್ಲಿ ಪ್ಲಾಸ್ಟಿಕ್ ಚೂರುಗಳು, ಕತ್ತಿಯ ಗುರುತಿಲ್ಲ, ಕಲ್ಲಿಲ್ಲ, ಟಾರ್ಚು ಮೇಲೆತ್ತಿದಳು—ಕಣ್ಣೆದುರೇ ತಿರುಪು ಹಾರಿತು, ಟಕ್, ಅಚ್ಚು ಸೀಳಿತು, ಸೀಳಿನಿಂದ ಹಸಿರು ಹೊಟ್ಟೆ ಹೊರಬಂತು, ಬೇರು ಕುಡಿದ ಮಳೆನೀರು ಒಂದೊಂದು ಕೋಶದೊಳಗೂ ತುಂಬಿ, ಒಂದನ್ನೊಂದು ತಳ್ಳಿ, ತಳ್ಳಿ, ಬಿಗಿದಷ್ಟೂ ತಳ್ಳಿ—ಹಸಿರು ಹೊಟ್ಟೆ, ಹೊಳೆಯುವ ಹಸಿರು ಹೊಟ್ಟೆ—ಮಾವಾ, ಕೀಲಿ ತಗೊಂಡು ಬನ್ನಿ, ಮೊದಲು ನನ್ನ ತಮ್ಮನ್ನ ಬಿಡಿ, ಕಳ್ಳ ಇಲ್ಲೇ ಸಿಕ್ಕಿದ! ಯಾರಮ್ಮಾ, ಯಾರವನು? ಸೀಳಿನಲ್ಲಿ ಹಸಿರು ಹೊಟ್ಟೆ, ಇನ್ನಷ್ಟು ಹೊರಗೆ, ಹಸಿರು—

ಚಕ್ಕೋತ.