ಬಾಣಂತಿ ಗಾಡಿ

ನಾನು ಒಂದು ಮೋಟಾರ್ ಸೈಕಲ್ಲು. ಕಪ್ಪು ಬಣ್ಣ, ಟ್ಯಾಂಕಿನ ಮೇಲೆ ಕೆಂಪು ಪಟ್ಟಿ. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನನ್ನಂಥವರು ಸಾಲುಸಾಲಾಗಿ ಹುಟ್ಟುತ್ತಿದ್ದರು, ಯಾರ ತಾಯಿಗೂ ಬೇನೆ ಬರುತ್ತಿರಲಿಲ್ಲ. ಹೆರಿಗೆ, ಬಾಣಂತನ ಅಂದರೆ ಏನೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಅದೂ ನನಗೇ ಬಾಣಂತನ ಆದ ಮೇಲೆ. ನಗಬೇಡಿ, ಹೇಳುತ್ತೇನೆ.

ಮೊದಲು ನನ್ನ ಮೈಯ ವಿಷಯ. ಬಸ್ಸು, ಲಾರಿಗಳ ಹಾಗೆ ನನ್ನ ಇಂಜಿನ್ನನ್ನು ತಂಪು ಮಾಡಲು ನೀರು ಇಲ್ಲ. ಓಡುವಾಗ ಎದುರಿನಿಂದ ಬೀಸುವ ಗಾಳಿಯೇ ಆ ಕೆಲಸ ಮಾಡಬೇಕು. ಅದಕ್ಕೆಂದೇ ಇಂಜಿನ್ನಿನ ಸುತ್ತ ತೆಳ್ಳನೆಯ ರೆಕ್ಕೆಗಳಿವೆ. ಬಿಸಿಲುಕಾಲಕ್ಕೆ ಅದು ಚೆಂದ. ಚಳಿಗಾಲದಲ್ಲಿ ಮಾತ್ರ ನಿಂತಲ್ಲೇ ಮೈ ಮರಗಟ್ಟುತ್ತದೆ, ಒಳಗಿನ ಆಯಿಲ್ ಮಂದವಾಗುತ್ತದೆ, ಬೆಳಿಗ್ಗೆ ಏಳಲು ಮನಸ್ಸೇ ಬರುವುದಿಲ್ಲ.

ನನ್ನ ಮೊದಲ ಧಣಿ ಕಲಬುರಗಿಯ ಒಬ್ಬ ಡ್ರಾಯಿಂಗ್ ಮಾಸ್ತರರು. ಆ ಊರಿನಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ. ಹಾಗಾಗಿ ಚಳಿಯ ಕಾಟ ನನಗೆ ತಿಳಿದೇ ಇರಲಿಲ್ಲ. ಮಾಸ್ತರರು ನನ್ನನ್ನು ಒರೆಸಿ, ಮುದ್ದಿಸಿ ಇಟ್ಟುಕೊಂಡಿದ್ದರು. ಅವರ ಕಣ್ಣು ಮಂಜಾದಾಗ ಮಕ್ಕಳು ಗಾಡಿ ಮಾರಿಸಿದರು. ಕೊಂಡವನು ಧೂಳಪ್ಪ. ಬೀದರಿನ ಗುಡ್ಡದ ಕೆಳಗಿನ ಒಂದು ಹಳ್ಳಿಯವನು, ಬಸ್ಸಿನ ಕಂಡಕ್ಟರ್. ದಿನಾ ನಸುಕಿನಲ್ಲಿ ನನ್ನ ಮೇಲೆ ಗುಡ್ಡ ಹತ್ತಿ ಡಿಪೋ ಸೇರಬೇಕು, ಅಲ್ಲಿಂದ ಹೊರಡುವ ಮೊದಲ ಬಸ್ಸು ಅವನದು.

ಧೂಳಪ್ಪ ಕೆಟ್ಟವನಲ್ಲ, ಅವಸರದವನು. ‘ರೈಟ್’ ಅನ್ನುವುದು ಅವನ ಬಾಯಲ್ಲೇ ಇರುತ್ತಿತ್ತು, ‘ಹೋಲ್ಡಾನ್’ ಅನ್ನುವುದನ್ನು ಡಿಪೋದಲ್ಲಿ ಇಟ್ಟು ಬರುತ್ತಿದ್ದ. ಬೀದರಿನ ಚಳಿ ಅಂದರೆ ಹೇಳಬೇಕೆ? ನಾನು ಗಡಗಡ ನಡುಗುತ್ತಾ ನಿಂತಿದ್ದರೆ ಅವನು ಇಂಜಿನ್ನಿಗೆ ಗಾಳಿ ತಡೆಯುವ ಚೋಕ್ ಎಳೆದು, ಕಿಕ್ ಮೇಲೆ ಕಿಕ್ ಹೊಡೆದು, ನಾನು ಕೆಮ್ಮಿ ಎದ್ದ ಕೂಡಲೇ ಎಕ್ಸಲೇಟರ್ ತಿರುವಿ ಗೋಳಾಡಿಸುತ್ತಿದ್ದ. ಎಳೆದ ಚೋಕನ್ನು ಒಳಗೆ ಹಾಕಲು ಮರೆಯುತ್ತಿದ್ದ. ದಾರಿಯುದ್ದಕ್ಕೂ ನನ್ನ ಹಿಂದೆ ಕರಿ ಹೊಗೆ, ನನ್ನ ಮುಂದೆ ಅವನ ಬೈಗುಳ.

ಆ ವರ್ಷ ಅವನ ತಂಗಿ ಅಂಬಿಕಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನಡುಚಳಿಗಾಲದ ಎಳ್ಳಮಾಸಿ ಹಬ್ಬದ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು, ಒಂದು ಹಿಡಿಯಷ್ಟು. ಬಾಣಂತನಕ್ಕೆ ಹೊರಗಿನವರು ಬೇಕಿರಲಿಲ್ಲ. ಅವರ ತಾಯಿ ತುಳಜಮ್ಮ ಆ ಕೆಲಸದಲ್ಲಿ ಎತ್ತಿದ ಕೈ. ಊರಿನ ಅರ್ಧ ಮಕ್ಕಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದವಳು. ಬಾಣಂತಿಯ ಕೋಣೆಯ ಕಿಟಕಿಗೆ ಗೋಣಿತಟ್ಟು ಹೊಡೆದಳು, ಮಗಳು ಮಲಗುವ ಹೊರಸಿನ ಕೆಳಗೆ ಕೆಂಡ ತುಂಬಿದ ಶೇಗಡಿ ಇಟ್ಟಳು, ಅಜವಾನ ಬೆಳ್ಳುಳ್ಳಿ ಸಿಪ್ಪೆ ಸುರಿದು ಎರಡು ಹೊತ್ತು ಹೊಗೆ ಹಾಕಿದಳು. ಕೂಸಿನ ತಲೆ ಕಿವಿಗೆಲ್ಲ ಕುಲಾಯಿ ಕಟ್ಟಿದಳು. ದವಾಖಾನೆಯ ಸಿಸ್ಟರ್ ಬಂದು, ಹೊಗೆ ಬೇಡ, ಕಿಟಕಿ ತೆರೆಯಿರಿ ಎಂದು ಹೇಳಿದಾಗ ತುಳಜಮ್ಮ ಆಕೆಗೆ ಒಳ್ಳೆಯ ಚಹಾ ಕೊಟ್ಟಳು. ಆಕೆ ಹೋದ ಮೇಲೆ ಗೋಣಿತಟ್ಟನ್ನು ಇನ್ನಷ್ಟು ಬಿಗಿದಳು.

ನನ್ನನ್ನು ನಿಲ್ಲಿಸುತ್ತಿದ್ದದ್ದು ಅದೇ ಕೋಣೆಯ ಹೊರಗೋಡೆಗೆ ಆತುಕೊಂಡು. ಒಳಗೆ ಕೂಸು ಕೆಮ್ಮುತ್ತಿತ್ತು, ಹೊರಗೆ ನಾನು. ಒಂದು ಬೆಳಿಗ್ಗೆ ಧೂಳಪ್ಪ ಕಿಕ್ ಹೊಡೆದು ಹೊಡೆದು ಸುಸ್ತಾಗಿ ನನ್ನ ಟೈರಿಗೆ ಒದ್ದ. ತುಳಜಮ್ಮನಿಗೆ ಅಯ್ಯೋ ಅನ್ನಿಸಿತು. ಹತ್ತಿರ ಬಂದು ನನ್ನ ಇಂಜಿನ್ ಮೇಲೆ ಅಂಗೈ ಇಟ್ಟು ನೋಡಿದಳು.

“ಇದರ ಮೈಯಾಗ ಥಂಡಿ ಹೊಕ್ಕದ. ಒದ್ದರ ಏಳ್ತದೇನು? ಬಾಣಂತಿ ನೋಡ್ಕೊಂಡಂಗ ನೋಡ್ಕೋಬೇಕು,” ಎಂದಳು.

ಮರುದಿನದಿಂದ ನನಗೂ ಬಾಣಂತನ ಶುರುವಾಯಿತು. ಕೆಂಡ ಇಡಲು ಬಂದಿದ್ದಳು, ಪೆಟ್ರೋಲ್ ಗಾಡಿ ಎಂದು ಮಗ ಕೈ ಮುಗಿದ ಮೇಲೆ ಕಾಯಿಸಿದ ಇಟ್ಟಂಗಿಗೆ ಒಪ್ಪಿದಳು. ಒಲೆಯಲ್ಲಿ ಕಾಯಿಸಿದ ಇಟ್ಟಂಗಿಗಳನ್ನು ನನ್ನ ಹೊಟ್ಟೆಯ ಕೆಳಗೆ ಇಟ್ಟು, ಮೇಲೆ ಹಳೆಯ ಕಂಬಳಿ ಸುತ್ತುತ್ತಿದ್ದಳು. ಸುಳ್ಳೇಕೆ ಹೇಳಲಿ, ಹಿತವಾಗಿತ್ತು. ಎರಡನೆಯ ಕಿಕ್ಕಿಗೇ ಎದ್ದುಬಿಟ್ಟೆ. ಧೂಳಪ್ಪ ಬಾಯಿ ಬಿಟ್ಟ. ತುಳಜಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಳು. ಓಣಿಯವರು ನನಗೆ ಬಾಣಂತಿ ಗಾಡಿ ಎಂದು ಹೆಸರಿಟ್ಟರು.

ಆದರೆ ಆಕೆಯ ಅಕ್ಕರೆ ಅಷ್ಟಕ್ಕೇ ನಿಲ್ಲಲಿಲ್ಲ. ಹಸಿ ಮೈಗೆ ಗಾಳಿ ತಾಕಬಾರದು, ಓಡುವಾಗಲೂ ಕಂಬಳಿ ಇರಲಿ ಎಂದು ಅದನ್ನು ಸೆಣಬಿನ ಹಗ್ಗದಿಂದ ನನ್ನ ರೆಕ್ಕೆಗಳ ಮೇಲೆ ಬಿಗಿದು ಕಟ್ಟಿದಳು. ಧೂಳಪ್ಪ ತಾಯಿಯ ಮಾತು ಮೀರುವವನಲ್ಲ. ಅರ್ಧ ಗುಡ್ಡ ಹತ್ತುವುದರಲ್ಲಿ ನನ್ನ ಒಳಗಿನ ಬಿಸಿ ಹೊರಗೆ ಹೋಗಲು ದಾರಿ ಕಾಣದೆ ನನ್ನನ್ನೇ ಸುಡತೊಡಗಿತು. ಉಣ್ಣೆ ಸುಟ್ಟ ವಾಸನೆ ಬಂತು. ಕೂಗಲು ಬಾಯಿ ಇಲ್ಲ. ಪಿಸ್ಟನ್ ಕಚ್ಚಿ ಹಿಡಿದು ನಡುದಾರಿಯಲ್ಲಿ ನಿಂತುಬಿಟ್ಟೆ.

ಧೂಳಪ್ಪ ತಳ್ಳಿಕೊಂಡು ಖಾಜಾ ಮಿಸ್ತ್ರಿಯ ಗ್ಯಾರೇಜು ಮುಟ್ಟಿದ. ಮಿಸ್ತ್ರಿ ಕಂಬಳಿ ನೋಡಿ, ಇದರ ಸೀಮಂತ, ಕುಬಸ ಯಾವಾಗ ಮಾಡಿದಿರಿ ಕಂಡಕ್ಟರ್ ಸಾಹೇಬರೇ ಎಂದು ಕೇಳಿದ. ಧೂಳಪ್ಪನಿಂದ ತಾಯಿಯ ಉಪಚಾರವನ್ನೆಲ್ಲ ಕೇಳಿಕೊಂಡು ನನ್ನನ್ನು ಬಿಚ್ಚಿದ. ಪುಣ್ಯಕ್ಕೆ ತಣ್ಣಗಾದ ಪಿಸ್ಟನ್ ಬಿಟ್ಟುಕೊಂಡಿತ್ತು, ಜೀವ ಉಳಿದಿತ್ತು. ಮಸಿ ಹಿಡಿದ ಪ್ಲಗ್ ತೊಳೆದ, ಚಳಿಗೆ ಹೊಂದುವ ತೆಳ್ಳನೆಯ ಆಯಿಲ್ ಹಾಕಿದ, ಕಾರ್ಬುರೇಟರಿನ ಸ್ಕ್ರೂ ತಿರುವಿ ಉಸಿರು ಹದ ಮಾಡಿದ. ಚೋಕ್ ಎಳೆ, ಎಕ್ಸಲೇಟರ್ ಮುಟ್ಟದೆ ಕಿಕ್ ಹೊಡೆ, ಒಂದು ಚಹಾ ಕುಡಿಯುವಷ್ಟು ಹೊತ್ತು ನಿಂತಲ್ಲೇ ಓಡಲಿ, ಮೈ ಬೆಚ್ಚಗಾಗುತ್ತಿದ್ದ ಹಾಗೆ ಚೋಕ್ ಮೆಲ್ಲಗೆ ಒಳಗೆ ಹಾಕು ಎಂದ. ಕೊನೆಗೆ ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

“ಏಳೋತನಕ ಬೆಚ್ಚಗಿರಬೇಕು, ಅವ್ವ ಹೇಳಿದ್ದು ಖರೇನ ಅದ. ಎದ್ದಮ್ಯಾಲ ಗಾಳಿ ಬೇಕು. ಚೋಕ್ ಅಂದ್ರ ಉಸುರು ಹಿಡಿಸೋದು. ಎಷ್ಟೊತ್ತು ಹಿಡಿಸ್ತೀರಿ?”

ಧೂಳಪ್ಪ ಮನೆಗೆ ಬಂದು ಇದನ್ನೆಲ್ಲ ತಾಯಿಗೆ ಒಪ್ಪಿಸಿದ.  ತುಳಜಮ್ಮ ಸುಟ್ಟ ಕಂಬಳಿಯನ್ನು ಕಟ್ಟಿಗೆಯ ಗೂಡಿಗೆ ಎಸೆದು ಒಳಗೆ ಹೋದಳು. ಅಷ್ಟು ಮುತುವರ್ಜಿ ಮಾಡಿಯೂ ತಪ್ಪು ಅನ್ನಿಸಿಕೊಂಡರೆ ಯಾರಿಗೆ ನೋವಾಗುವುದಿಲ್ಲ? ನನಗೆ ಆಕೆಯ ಮೇಲೆ ಸಿಟ್ಟಿರಲಿಲ್ಲ.

ಮರುದಿನ ನಸುಕಿನಲ್ಲಿ ಕೋಣೆಯಿಂದ ಕೆಮ್ಮು ಕೇಳಿಸಲಿಲ್ಲ. ಅಂಬಿಕಾಳ ದನಿ ಕೇಳಿಸಿತು. ಕೂಸು ಹಾಲು ಕುಡಿಯುತ್ತಿಲ್ಲ, ಎದೆಗೂಡು ಒಳಕ್ಕೆ ಎಳೆಯುತ್ತಿದೆ, ತುಟಿ ಕಪ್ಪಾಗಿದೆ ಎನ್ನುತ್ತಿದ್ದಳು. ಧೂಳಪ್ಪ ದವಾಖಾನೆಗೆ ಒಯ್ಯೋಣ ಎಂದ. ತುಳಜಮ್ಮ ಒಪ್ಪಲಿಲ್ಲ. ಐದು ವಾರ ತುಂಬದ ಬಾಣಂತಿಯನ್ನು ಈ ಚಳಿಯಲ್ಲಿ ಹೊಸಿಲು ದಾಟಿಸುವುದೇ? ಶೇಗಡಿಯ ಬೆಂಕಿ ಆರಿದೆ, ಅದಕ್ಕೇ ಹೀಗೆ ಎಂದು ಹಿತ್ತಲ ಒಲೆಯಿಂದ ಹೊಸ ಕೆಂಡ ತರಲು ಓಡಿದಳು.

ಧೂಳಪ್ಪ ನನ್ನ ಕಡೆ ಓಡಿ ಬಂದ. ರಾತ್ರಿ ನನಗೆ ಹೊದಿಸಿದ್ದ ಗೋಣಿ ತೆಗೆದ, ಚೋಕ್ ಎಳೆದ, ಕಿಕ್ ಹೊಡೆದ. ಎದ್ದೆ. ಜೀವನದಲ್ಲಿ ಮೊದಲ ಸಲ ಅವನು ಕಾದ. ಎಕ್ಸಲೇಟರ್ ತಿರುವಲಿಲ್ಲ. ನಾನು ಮುಗ್ಗರಿಸುತ್ತಾ, ಕರಿ ಹೊಗೆ ಉಗುಳುತ್ತಾ ನಿಂತಿದ್ದೆ. ಕೆಂಡದ ಬುಟ್ಟಿ ಹಿಡಿದು ಬಂದ ತುಳಜಮ್ಮ ನನ್ನ ಎದುರಿಗೇ ನಿಂತಳು.

“ಹೊಂಡೂದಿದ್ರ ಹೊಂಡು, ಯಾಕ ನಿಂತೀದಿ?”

“ತಡಿ ಅವ್ವಾ. ಇದರ ಉಸುರು ಬಿಡಸ್ಲಾಕತ್ತೀನಿ,” ಎಂದು ಅವನು ಚೋಕನ್ನು ಮೆಲ್ಲಗೆ ಒಳಗೆ ಒತ್ತಿದ.

ಗಾಳಿ ಒಳಗೆ ಬಂತು. ನನ್ನ ಹೊಗೆ ತೆಳುವಾಯಿತು, ಆಮೇಲೆ ನಿಂತಿತು. ಏಟು ತಪ್ಪುತ್ತಿದ್ದ ಇಂಜಿನ್ ಒಂದೇ ಸಮನೆ ಬಡಿಯತೊಡಗಿತು. ತುಳಜಮ್ಮ ಅದನ್ನು ಕೇಳಿಸಿಕೊಂಡಳು. ಆಮೇಲೆ ಮುಖ ತಿರುಗಿಸಿ ಕೋಣೆಯ ಬಾಗಿಲನ್ನು ನೋಡಿದಳು. ಬಾಗಿಲ ಸಂದಿನಿಂದ ಹೊಗೆ ನೂಲುನೂಲಾಗಿ ಹೊರಗೆ ಬರುತ್ತಿತ್ತು.

ಬುಟ್ಟಿಯ ಕೆಂಡವನ್ನು ಅಂಗಳಕ್ಕೆ ಚೆಲ್ಲಿದಳು. ಒಳಗೆ ಹೋಗಿ ಕಿಟಕಿಯ ಗೋಣಿತಟ್ಟನ್ನು ಒಂದೇ ಸಲ ಕಿತ್ತಳು, ಮೊಳೆ ಹಾರಿ ನನ್ನ ಟ್ಯಾಂಕಿಗೆ ಬಡಿಯಿತು. ತಾನೇ ಮಗಳ ತಲೆಗೆ ಕಿವಿ ಮುಚ್ಚುವಂತೆ ಸೀರೆ ಸುತ್ತಿ, ಹೊಸಿಲು ದಾಟಿಸಿ, ಕೈ ಹಿಡಿದು ನನ್ನ ಮೇಲೆ ಕೂರಿಸಿದಳು. ಕೂಸನ್ನು ಮಗಳ ಎದೆಗೆ ಕಟ್ಟಿ ಕೌದಿ ಹೊದಿಸಿದಳು. ಅಂಬಿಕಾ ಸೆರಗನ್ನು ಕೂಸಿನ ಮುಖದ ಮೇಲೆ ಎಳೆಯಹೋದಾಗ ತಾಯಿ ಆಕೆಯ ಕೈ ಹಿಡಿದಳು.

“ಮೂಗು ಮುಚ್ಚಬ್ಯಾಡ,” ಎಂದಳು. 

ಹೊರಟೆವು. ಊರು ದಾಟುವವರೆಗೆ ಧೂಳಪ್ಪ ನಿಧಾನವಾಗಿ ಓಡಿಸಿದ. ಆಮೇಲೆ ಗುಡ್ಡ. ಹಿಂದಿನ ದಿನ ನಾನು ಸತ್ತು ಬಿದ್ದ ತಿರುವು ಬಂದಾಗ ನನಗೆ ಹೆದರಿಕೆಯಾಯಿತು. ಆದರೆ ತಣ್ಣನೆಯ ಗಾಳಿ ನನ್ನ ರೆಕ್ಕೆರೆಕ್ಕೆಯ ನಡುವೆ ಹಾಯ್ದು ಹೋಗುತ್ತಿತ್ತು. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಓಡಿರಲಿಲ್ಲ, ಮುಂದೂ ಓಡಲಿಲ್ಲ. ದವಾಖಾನೆಯವರು ಕೂಸಿಗೆ ಆಕ್ಸಿಜನ್ ಇಟ್ಟರಂತೆ, ಹೊಗೆಯೇ ಎದೆಗೆ ಹೊಕ್ಕಿದೆ ಎಂದರಂತೆ. ಕೂಸು ಉಳಿಯಿತು. ತುಳಜಮ್ಮ ತಾನು ತಪ್ಪಿದೆ ಎಂದು ಯಾರ ಮುಂದೆಯೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಬಾಣಂತನಕ್ಕೆ ಯಾರ ಮನೆಗೆ ಹೋದರೂ ಮೊದಲು ಕಿಟಕಿಯ ಕಡೆಗೆ ನಡೆಯುತ್ತಾಳೆ ಎಂದು ಧೂಳಪ್ಪ ಗೆಳೆಯರಿಗೆ ಹೇಳುವುದನ್ನು ಕೇಳಿದ್ದೇನೆ.

ಈಗ ನನಗೆ ಮುಪ್ಪು. ಧೂಳಪ್ಪನಿಗೆ ಗುಂಡಿ ಒತ್ತಿದರೆ ಏಳುವ ಹೊಸ ಗಾಡಿ ಬಂದಿದೆ. ನನ್ನ ಟೈರುಗಳು ಕೂತಿವೆ, ಸೀಟಿನೊಳಗೆ ಬೆಕ್ಕು ಮರಿ ಹಾಕಿದೆ. ಗುಜರಿಯವನು ಎರಡು ಸಲ ಬಂದು ಹೋದ. ಯಾವತ್ತೋ ಒಂದು ದಿನ ಹೋಗಲೇಬೇಕು, ಕಬ್ಬಿಣಕ್ಕೆ ಅದರಲ್ಲಿ ದುಃಖವೇನಿಲ್ಲ. ಬೇರೆಯವರ ಉಸಿರಿಗೆ ಒಂದು ದಿನವಾದರೂ ಆಸರೆಯಾದೆನಲ್ಲ, ನನ್ನಂಥವರಲ್ಲಿ ಎಷ್ಟು ಜನಕ್ಕೆ ಆ ಭಾಗ್ಯ ಬರುತ್ತದೆ?

ಈ ಚಳಿಗಾಲ ಅಂಬಿಕಾ ಎರಡನೆಯ ಹೆರಿಗೆಗೆ ಬಂದಿದ್ದಾಳೆ. ಗಂಡುಕೂಸು, ಅಳು ಶುರುಮಾಡಿದರೆ ಬೆಕ್ಕಿನ ಮರಿಗಳು ಬೆಚ್ಚುತ್ತವೆ. ನಿನ್ನೆ ನೆರೆಮನೆಯ ಶಾಂತಾಬಾಯಿ ನೋಡಲು ಬಂದವಳು ತೆರೆದ ಕಿಟಕಿಯನ್ನು ಕಂಡು ತುಳಜಮ್ಮನನ್ನು ಗದರಿಸಿದಳು, ವಯಸ್ಸಾಗಿ ಬುದ್ಧಿ ಕೆಟ್ಟಿತೇ ನಿನಗೆ, ಬಾಣಂತಿಯ ಕೋಣೆಗೆ ಇಷ್ಟು ಥಂಡಿ ಬಿಡುತ್ತಾರೆಯೇ ಎಂದು. ತುಳಜಮ್ಮ ಕೂಸಿನ ಅಂಗಾಲು ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಥಂಡಿಗೆ ಕೌದಿ ಅದ, ಶಾಂತಾ. ಉಸುರಿಗೆ ಏನದ?”

 ಶಾಂತಾಬಾಯಿ ತನ್ನ ಮನೆಯಿಂದ ಇನ್ನೊಂದು ಕೌದಿ ತರಲು ಹೋದಳು.