ದೊಡ್ಡ ಕಾಕಾ

"ಹೆಬ್ಬೆರಳು ಇನ್ನಷ್ಟು ಬಿಗದು ಕಟ್ರಿ," ಎಂದ ಜನಾರ್ದನ. "ಈ ಮನಶ್ಯಾಂದು ಹೇಳಲಿಕ್ಕೆ ಬರೂದಿಲ್ಲ. ದಾರ್ಯಾಗ ಎದ್ದು ಓಡ್ಯಾನು."

ಹೆಣದ ಕಾಲಬೆರಳಿಗೆ ದಾರ ಸುತ್ತುತ್ತಿದ್ದ ಸೀತಾರಾಮ ನಗುವುದೋ ಬಿಡುವುದೋ ತಿಳಿಯದೆ ಕೆಮ್ಮಿದ. ಅವನು ಮೈಸೂರು ಕಡೆಯವನು, ಸೂರತ್ತಿನ ರೈಲ್ವೆ ಆಫೀಸಿನಲ್ಲಿ ಕೆಲಸ. ಸತ್ತವನು ಸತ್ಯಪ್ರಕಾಶ, ಜನಾರ್ದನನ ತಂಗಿ ಕಮಲಾಕ್ಷಿಯ ಗಂಡ. ಧಾರವಾಡದಿಂದ ವರ್ಗವಾಗಿ ಬಂದು, ಸೂರತ್ತಿನ ವಿಮಾ ಕಚೇರಿಯ ಒಂದೇ ಕುರ್ಚಿಯಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡ ಗುಮಾಸ್ತ. ಪ್ರಮೋಷನ್ ಬಂದಾಗ ಊರು ಬಿಡಬೇಕಾದೀತೆಂದು ಬೇಡ ಎಂದವನು. ವಡೋದರಾದಲ್ಲಿ ಬ್ಯಾಂಕ್ ಮ್ಯಾನೇಜರನಾದ ಜನಾರ್ದನನಿಗೆ ಇದೊಂದೇ ಸಾಕಿತ್ತು, ಭಾವಮೈದುನನ ಬೆಲೆ ಕಟ್ಟಲು. ಅದು ಸಾಲದೆಂಬಂತೆ ಮೊಮ್ಮಕ್ಕಳನ್ನು ಆಡಿಸುವ ವಯಸ್ಸು ಹತ್ತಿರ ಬಂದರೂ ಸತ್ಯಪ್ರಕಾಶನಿಗೆ ಓಟದ ಹುಚ್ಚು ಬಿಟ್ಟಿರಲಿಲ್ಲ. ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಯಾವುದೋ ದೂರದ ಓಟವಂತೆ. ಅದಕ್ಕಾಗಿ ಈ ಚಳಿಗಾಲವೆಲ್ಲ ಹೊತ್ತು ಮೂಡುವ ಮೊದಲೇ ಎದ್ದು ತಾಪಿ ದಂಡೆಯುದ್ದಕ್ಕೂ ಓಡುತ್ತಿದ್ದ.

"ಓಡೋವಾಗ ಹೋಗಿದ್ರೆ ಒಂದು ಮಾತು ಸಾರ್," ಎಂದ ಸೀತಾರಾಮ. "ನಿನ್ನೆ ಉತ್ತರಾಯಣ, ನಮ್ಮ ಸಂಕ್ರಾಂತಿ. ಟೆರೇಸ್ ಮೇಲೆ ಕುರ್ಚಿ ಹಾಕ್ಕೊಂಡು ಉಂಧಿಯು ಪಲ್ಯ ತಿಂತಾ, ಮಗ ಗಾಳಿಪಟ ಬಿಡೋದನ್ನ ನೋಡ್ತಾ, ಕೂತಲ್ಲೇ ಹೋಗ್ಬಿಟ್ರಲ್ಲ."

"ಓಡಿ ಓಡಿ ಎದಿ ಸವದಿತ್ತು. ಕೂತ ಕೂಡಲೆ ನಿಂತಹೋತು. ನನ್ನ ನೋಡ್ರಿ, ಜನ್ಮದಾಗ ಒಂದು ಹೆಜ್ಜಿ ಓಡಿದವನಲ್ಲ. ಏನಾಗೇದ ನನಗ?"

ಸೀತಾರಾಮ ಜನಾರ್ದನನ ಹೊಟ್ಟೆಯ ಕಡೆ ಒಮ್ಮೆ ನೋಡಿ, ದಾರದ ಗಂಟಿನ ಕಡೆ ಕಣ್ಣು ತಿರುಗಿಸಿದ. "ಒಂದ್ಸಲ ಓಡಿದ್ರಲ್ಲ ಸಾರ್. ನಾನು ಸ್ಟೇಷನ್ನಲ್ಲೇ ಇದ್ದೆ."

ಜನಾರ್ದನನಿಗೆ ಅದು ಕೇಳಿಸಲಿಲ್ಲ. ಬೇಡವಾದದ್ದು ಕೇಳಿಸದ ಕಿವಿ ಅವನದು.

ಒಳಗಿನಿಂದ ಕಮಲಾಕ್ಷಿ ಬಾಗಿಲಿಗೆ ಬಂದು ನಿಂತಳು. ಅತ್ತು ಅತ್ತು ಮುಖ ಊದಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಅಣ್ಣಾ, ಶವದ ಗಾಡಿ ಬರೂದಿಲ್ಲಂತ?"

"ಹಬ್ಬ ಇನ್ನೂ ಮುಗದಿಲ್ಲಂತವಾ. ಡ್ರೈವರ್‌ಗಳೆಲ್ಲ ಮಾಳಿಗಿ ಹತ್ತಿ ಪಟ ಹಾರಿಸ್ಲಿಕ್ಕತ್ತಾರ. ಎಂಥಾ ಊರೋ ಏನೋ. ಇರ್ಲಿ, ಹೆಗಲ ಮ್ಯಾಲೆ ಒಯ್ತೇವಿ."

"ಹಂಗಾರ ಅವರ ಓಡೂ ಮಂದಿ ಒಯ್ಲಿ. ಮುಂಜಾನಿಂದ ಗೇಟಿನಾಗ ನಿಂತಾರ."

ಜನಾರ್ದನ ಗೇಟಿನತ್ತ ನೋಡಿದ. ಏಳೆಂಟು ಜನ ಬಿಳಿ ಅಂಗಿ ತೊಟ್ಟು ಕೈಕಟ್ಟಿ ನಿಂತಿದ್ದರು. ಒಬ್ಬ ವಜ್ರ ಉಜ್ಜುವವನು, ಒಬ್ಬ ಸೀರೆ ಅಂಗಡಿಯವನು, ಒಬ್ಬ ಶಾಲೆಯ ಡ್ರಿಲ್ ಮಾಸ್ತರ. ಒಬ್ಬೊಬ್ಬರೂ ಬಿದಿರಿನ ಕಡ್ಡಿಯಂತಿದ್ದರು, ಕಾಲಲ್ಲಿ ಕ್ಯಾನ್ವಾಸ್ ಬೂಟು.

"ಬೂಟು ಹಾಕ್ಕೊಂಡು ಹೆಣಕ್ಕ ಬಂದಾರ!" ಎಂದ ಜನಾರ್ದನ. "ಯಾವ ಜಾತ್ಯೋ, ಯಾವ ಕುಲಾನೋ. ನಾನಿದ್ದೇನಿ, ಸೀತಾರಾಮರು ಇದ್ದಾರ, ಉಧ್ನಾದಿಂದ ಅನಂತರಾಮ ಬಂದಾರ, ಲಿಂಗರಾಜ ಬಂದಾರ. ನಾಲ್ಕು ಹೆಗಲು ನಮ್ಮವೇ ಅವ. ನಮ್ಮ ಹೆಣಾ ನಾವು ಒಯ್ಯಬೇಕು. ನಾಳೆ ಧಾರವಾಡದಾಗ ಕೇಳಿದ್ರ ಏನ ಹೇಳ್ಲಿ?"

"ನಮ್ಮನಿಯವರಿಗೆ ಆ ಮಂದಿ ಬೇಕಾಗಿತ್ತು ಅಣ್ಣಾ."

"ಅಂವಗ ಬೇಕಾಗಿದ್ದು ಮಾಡಿದ್ದಕ್ಕನ ಇವತ್ತು ಹಿಂಗ ಮಲಗ್ಯಾನ."

ಕಮಲಾಕ್ಷಿ ಗೇಟಿನ ಕಡೆ ತಿರುಗಿದಳು. ಹೊರಗೆ ಹೌಸಿಂಗ್ ಸೊಸೈಟಿಯ ಮಕ್ಕಳು ಚಟ್ಟವನ್ನು ತೋರಿಸಿ ತಮ್ಮತಮ್ಮಲ್ಲೇ ಏನೋ ಹೇಳಿಕೊಳ್ಳುತ್ತಿದ್ದವು. ಅದರಲ್ಲಿ ಒಂದು ಮಾತು ಮಾತ್ರ ತಿಳಿಯಿತು. ಆಕೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಕೇಳಿದಿ? ದೊಡ್ಡ ಕಾಕಾ, ದೊಡ್ಡ ಕಾಕಾ ಅಂತಾವ. ಗುಜರಾತಿ ಹುಡುಗೂರು. ನಮ್ಮ ಕನ್ನಡಾ ಕಲಿಸ್ಯಾರ ಅವಕ್ಕ."

ಈ ಮಾತು ಆಕೆ ಹಿಂದೆಯೂ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದಳು. ಇವನ್ಯಾವ ದೊಡ್ಡ ಕಾಕಾ ಎಂದು ಜನಾರ್ದನ ಆಗಲೂ ಮನಸ್ಸಿನಲ್ಲೇ ನಕ್ಕಿದ್ದ.

*

ಕಳೆದ ಚಳಿಗಾಲದಲ್ಲಿ ವಡೋದರಾದ ಮನೆಯಲ್ಲಿ ಜನಾರ್ದನನ ಮಗಳು ವಿಭಾಳ ನಿಶ್ಚಿತಾರ್ಥ. ಹಲ್ಲು ಕಟಕಟಿಸುವ ಚಳಿ. ಬೀಗರು ಬೆಳಗಿನ ರೈಲಿಗೆ ಬಂದಿಳಿದು ಆಟೋದಲ್ಲಿ ಬರುತ್ತಿದ್ದರು. ಮನೆಯ ತಿರುವಿನಲ್ಲಿ ಅವರಿಗೆ ಮೊದಲು ಎದುರಾದದ್ದು ಸತ್ಯಪ್ರಕಾಶ. ತಲೆಗೆ ಮಂಕಿ ಕ್ಯಾಪು, ಮೈಗೆ ಕಮಲಾಕ್ಷಿ ಹೆಣೆದ ಕಂದು ಸ್ವೆಟರು, ಕೆಳಗೆ ತೊಡೆ ಕಾಣುವ ಚಡ್ಡಿ. ಬಾಯಿಂದ ಹೊಗೆಯಂತೆ ಉಸಿರು ಬಿಡುತ್ತ ಓಡುತ್ತಿದ್ದ.

"ಯಾರೋ ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಅಂದುಕೊಂಡೆವು," ಎಂದು ಬೀಗರು ಉಪ್ಪಿಟ್ಟು ತಿನ್ನುತ್ತ ನಕ್ಕರು. ಆ ಹೊತ್ತಿಗೆ ಸತ್ಯಪ್ರಕಾಶ ಹಿಂದಿನ ಬಾಗಿಲಿಂದ ಒಳಗೆ ಬಂದ. ಅವನನ್ನು ತಂಗಿಯ ಗಂಡ ಎಂದು ಪರಿಚಯ ಮಾಡಿಸುವಾಗ ಜನಾರ್ದನನ ನಾಲಿಗೆ ಒಣಗಿತು.

ಬೀಗರು ಹೋದ ಮೇಲೆ ಅವನು ಸತ್ಯಪ್ರಕಾಶನನ್ನು ಮೂಲೆಗೆ ಕರೆದ.

"ಓಡ್ತೀಯಲ್ಲ, ಎಂದರ ಮೊದಲು ಬಂದೀ ಏನು?"

"ಇಲ್ರಿ."

"ಎರಡನೇದು?"

"ಇಲ್ರಿ. ಕಡೀಕ ಬರ್ತೇನಿ." ಸತ್ಯಪ್ರಕಾಶ ಕ್ಯಾಪು ತೆಗೆದು ಕೈಯಲ್ಲಿ ತಿರುವಿದ. "ಯಾವಾಗ್ಲೂ ಕಡೀಕನ."

"ಮತ್ಯಾಕ ಓಡ್ತೀ ಮಾರಾಯಾ? ಕಡೀಕ ಬರೂದಕ್ಕ ಓಡಬೇಕೇನು? ಮನ್ಯಾಗ ಕೂತ್ರೂ ಕಡೀಕನ ಬರ್ತೀ."

ಸತ್ಯಪ್ರಕಾಶ ನಕ್ಕ. ಆ ನಗು ಜನಾರ್ದನನಿಗೆ ಎಂದೂ ಆಗಿಬರುತ್ತಿರಲಿಲ್ಲ. ಬೈಸಿಕೊಂಡವನು ನೊಂದುಕೊಳ್ಳಬೇಕು, ಇಲ್ಲವೇ ತಿರುಗಿ ಬೈಯಬೇಕು. ಇವನು ಎರಡೂ ಮಾಡದೆ, ಬೈದವನನ್ನೇ ಪೆದ್ದನನ್ನಾಗಿ ಮಾಡಿಬಿಡುತ್ತಿದ್ದ.

*

ಚಟ್ಟ ಎತ್ತಿದರು. ಸತ್ಯಪ್ರಕಾಶನ ಮಗ ಅಜಯ್ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಹುಡುಗ ಕಾಲೇಜಿನಲ್ಲಿದ್ದ, ಸೂರತ್ತಿನಲ್ಲೇ ಬೆಳೆದವನು. ಕನ್ನಡ ಅವನ ಬಾಯಲ್ಲಿ ಅರ್ಧಕ್ಕೆ ಬಂದು ಹಿಂದಿಯಾಗುತ್ತಿತ್ತು. ಮುಂದಿನ ಎರಡು ಹೆಗಲು ಜನಾರ್ದನ ಮತ್ತು ಸೀತಾರಾಮನವು. ಹಿಂದೆ ಅನಂತರಾಮ ಮತ್ತು ಲಿಂಗರಾಜ.

ಗೇಟು ದಾಟುವಾಗಲೇ ಜನಾರ್ದನನಿಗೆ ತಾನು ಬಹಳ ವರ್ಷಗಳಿಂದ ಫೈಲಿಗಿಂತ ಭಾರದ್ದೇನನ್ನೂ ಎತ್ತಿಲ್ಲವೆಂಬುದು ನೆನಪಾಯಿತು. ಲಿಂಗರಾಜ ಎತ್ತರದ ಆಳು, ಅನಂತರಾಮ ಗಿಡ್ಡ. ಹಿಂದೆ ಚಟ್ಟ ಒಂದು ಕಡೆಗೆ ವಾಲಿತು. "ನೆಟ್ಟಗ ಹಿಡೀರಿ," ಎಂದು ಜನಾರ್ದನ ಗದರಿದ. "ಹಿಡಿದೇ ಇದ್ದೇವೆ," ಎಂದು ಹಿಂದಿನಿಂದ ಏದುಸಿರು ಉತ್ತರ ಕೊಟ್ಟಿತು. ಮಾಳಿಗೆಗಳ ಮೇಲೆ ಒಬ್ಬರ ಪಟ ಒಬ್ಬರು ಕಡಿದು 'ಕಾಯ್‌ಪೋ ಛೇ' ಎಂದು ಕೂಗುತ್ತಿದ್ದ ಮಂದಿ ಹೆಣ ಕಂಡು ಸುಮ್ಮನಾಗುತ್ತಿದ್ದರು. ದಾರಿಯ ತುಂಬ ಕತ್ತರಿಸಿದ ಗಾಳಿಪಟದ ದಾರ. ಬರಿಗಾಲಿಗೆ ತೊಡರುತ್ತಿತ್ತು.

ಆ ಓಡುವ ಮಂದಿ ಹಿಂದೆಯೇ ಬರುತ್ತಿದ್ದರು. ಒಬ್ಬರಿಗೂ ಉಸಿರೇರಿರಲಿಲ್ಲ. ಅದೇ ಜನಾರ್ದನನನ್ನು ಹೆಚ್ಚು ಕೆರಳಿಸಿತು.

ಮೊದಲ ತಿರುವು ಬರುವಷ್ಟರಲ್ಲಿ ಸೀತಾರಾಮನ ಮೊಳಕಾಲು ಕುಸಿಯಿತು. ಚಟ್ಟ ಮುಂದಕ್ಕೆ ಬಾಗಿತು. ಸತ್ಯಪ್ರಕಾಶನ ತಲೆ ಪಕ್ಕಕ್ಕೆ ಸರಿದು, ಹಾರದ ಹೂವು ರಸ್ತೆಗೆ ಉದುರಿತು. ಹಿಂದಿನಿಂದ ಒಂದು ಕೈ ಬಂದು ಬಿದಿರನ್ನು ಹಿಡಿಯದಿದ್ದರೆ ಹೆಣವೂ ಉದುರುತ್ತಿತ್ತು.

ಹಿಡಿದವನು ವಜ್ರ ಉಜ್ಜುವ ಹಸ್ಮುಖ್‌ಭಾಯಿ. ಕ್ಯಾನ್ವಾಸ್ ಬೂಟು ಆಗಲೇ ಬಿಚ್ಚಿ ಎಲ್ಲೋ ಇಟ್ಟು ಬಂದಿದ್ದ.

"ಮಾಮಾ, ಛೋಡ್ ದೋ ನಾ," ಎಂದ ಅಜಯ್, ಮಡಕೆ ಹಿಡಿದೇ ತಿರುಗಿ. "ಅವರು ಒಯ್ತಾರ. ಮಮ್ಮೀಗೂ ಅದೇ ಬೇಕಿತ್ತು."

"ನೀ ಸುಮ್ನಿರೋ. ನಿಂಗೇನ ತಿಳೀತದ? ಹಿಂದ ಹುಡುಗೂರು ಸಹಿತ ಬೆನ್ನ ಹತ್ಯಾವ. ದೊಡ್ಡ ಕಾಕಾ ಅಂತ, ದೊಡ್ಡ ಕಾಕಾ! ಇದೇನ ಜಾತ್ರಿ ಏನು?"

"ದೊಡ್ಡ ಅಲ್ಲ ಮಾಮಾ." ಅಜಯ್‌ನ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ನಗುವಿನಂಥದ್ದೊಂದು ಹಾದುಹೋಯಿತು. "ದೋಡ್. ಗುಜರಾತೀಲಿ ದೋಡ್ ಅಂದ್ರೆ ಓಡೋದು. ದೋಡ್ ಕಾಕಾ. ಓಡೋ ಕಾಕಾ. ಮಮ್ಮಿ ದೊಡ್ಡ ಅಂತ ಸಮಝ್ ಗಯೀ. ಖುಷಿ ಪಡ್ತಾಳ, ಇರ್ಲಿ ಬಿಡು, ಹೇಳಬ್ಯಾಡ ಅಂತ ಪಪ್ಪಾನೇ ಹೇಳಿದ್ರು."

ಜನಾರ್ದನ ಬಾಯಿ ತೆರೆದ. ಎಷ್ಟೋ ವರ್ಷ ಒಂದೇ ಮನೆಯಲ್ಲಿ ಹೆಂಡತಿಯ ತಪ್ಪನ್ನು ತಿದ್ದದೆ ಸುಮ್ಮನಿದ್ದ ಮನುಷ್ಯನನ್ನು ಬೈಯಲು ಮಾತು ಹುಡುಕಿದ. ಅದು ಸಿಗುವಷ್ಟರಲ್ಲಿ ಹೆಗಲ ಮೇಲಿನ ಭಾರ ಓಡುವ ಮಂದಿಯ ಕಡೆ ಹೋಗಿತ್ತು.

*

ತೊಂಬತ್ತನಾಲ್ಕರ ಸೆಪ್ಟೆಂಬರಿನಲ್ಲಿ ಸೂರತ್ತಿಗೆ ಪ್ಲೇಗು ಬಂದಾಗ ಜನಾರ್ದನ ಅಲ್ಲಿಯೇ ಬ್ಯಾಂಕಿನಲ್ಲಿದ್ದ. ಊರಿಗೆ ಊರೇ ಗಂಟುಮೂಟೆ ಕಟ್ಟಿ ಓಡಿತು. ಆಟೋ ಇಲ್ಲ, ಬಸ್ಸಿಲ್ಲ. ಜನಾರ್ದನ ಬ್ಯಾಂಕಿಗೆ ಒಂದು ಚೀಟಿ ಸಹ ಬರೆಯದೆ, ಮೂಗಿಗೆ ಕರವಸ್ತ್ರ ಬಿಗಿದು, ಹೆಂಡತಿ ಮಗಳ ಜೊತೆ ಸ್ಟೇಷನ್ನಿನ ದಾರಿ ಹಿಡಿದ. ದೊಡ್ಡ ಟ್ರಂಕು ಬಿಡಲು ಮನಸ್ಸಾಗಲಿಲ್ಲ. ಅದನ್ನು ತಲೆಯ ಮೇಲೆ ಹೊತ್ತು ಪಕ್ಕದಲ್ಲಿ ಬಂದವನು ಸತ್ಯಪ್ರಕಾಶ.

"ನಡೀರಿ, ನಡೀರಿ," ಎಂದು ಜನಾರ್ದನ ಓಡುತ್ತಿದ್ದ. ಪಂಚೆಯ ಚುಂಗು ಬಾಯಲ್ಲಿ ಕಚ್ಚಿಕೊಂಡು, ಹೆಂಡತಿಯನ್ನೂ ಹಿಂದೆ ಹಾಕಿ. ಸ್ವಲ್ಪ ದೂರಕ್ಕೇ ಎದೆ ಹಿಡಿದುಕೊಂಡಿತು. ಅಲ್ಲೇ ಒಂದು ಕಟ್ಟೆಯ ಮೇಲೆ ಕುಸಿದ.

"ಬಂತ್ರಿ ಜನಾರ್ದನರಾಯ್ರ," ಎಂದ ಸತ್ಯಪ್ರಕಾಶ. "ಬಂತು, ಬಂತು. ಇನ್ನೇನ ಬಂತು."

ಬಂದಿರಲಿಲ್ಲ. ಸ್ಟೇಷನ್ನು ಇನ್ನೂ ಬಹಳ ದೂರವಿತ್ತು. ಆದರೆ ಪ್ರತಿ ತಿರುವಿಗೂ ಅವನು ಅದನ್ನೇ ಹೇಳಿದ, ಜನಾರ್ದನ ಪ್ರತಿ ಸಲವೂ ನಂಬಿದ. ರೈಲಿನ ಕಿಟಕಿಯಿಂದ ಅವನನ್ನು ಒಳಗೆ ತಳ್ಳಿ, ಹೆಂಡತಿ ಮಗಳನ್ನು ಹತ್ತಿಸಿ, ಟ್ರಂಕು ತಳ್ಳಿ, ಸತ್ಯಪ್ರಕಾಶ ಪ್ಲಾಟ್‌ಫಾರ್ಮಿನಲ್ಲೇ ನಿಂತ.

"ನೀವೂ ಬರ್ರಿ. ಕಮಲೀನ್ನ ಕರಕೊಂಡು ನಾಳೆ ಬರ್ರಿ," ಎಂದ ಜನಾರ್ದನ, ಸೀಟು ಸಿಕ್ಕ ಮೇಲೆ.

"ಸೊಸೈಟಿಯೊಳಗ ಮುದುಕರು ಇದ್ದಾರ್ರಿ. ಹಾಲು, ಗುಳಿಗಿ ತರಾವ್ರು ಯಾರೂ ಇಲ್ಲ. ಗಾಡಿ ಇಲ್ಲಂದ್ರ ಓಡೇ ತರಬೇಕು."

ಹಾಗೆ ಹಾಲು ಗುಳಿಗೆ ಹಿಡಿದು ಶುರುವಾದ ಓಟ ಪ್ಲೇಗು ಹೋದ ಮೇಲೂ ನಿಲ್ಲಲಿಲ್ಲ. ಜನಾರ್ದನ ವಡೋದರಾಕ್ಕೆ ವರ್ಗ ಮಾಡಿಸಿಕೊಂಡ. ಆ ದಿನದ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಸತ್ಯಪ್ರಕಾಶ ಎತ್ತದೇ ಇದ್ದದ್ದನ್ನು ಜನಾರ್ದನ ಎಂದೂ ಕ್ಷಮಿಸಲಿಲ್ಲ.

*

"ರಾಮ್ ಬೋಲೋ ಭಾಯಿ, ರಾಮ್!"

ಗುಜರಾತಿನವರು ಹೆಣವನ್ನು ನಡೆಸಿಕೊಂಡು ಹೋಗುವುದಿಲ್ಲ, ಹೆಚ್ಚುಕಡಿಮೆ ಓಡಿಸಿಕೊಂಡೇ ಹೋಗುತ್ತಾರೆ. ಇವರಂತೂ ಮೊದಲೇ ಓಟಗಾರರು. ಚಟ್ಟ ಹೆಗಲಿಂದ ಹೆಗಲಿಗೆ ದಾಟುತ್ತಿತ್ತೇ ಹೊರತು ಒಂದು ಗೇಣೂ ಅಲುಗುತ್ತಿರಲಿಲ್ಲ, ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು. ಅಜಯ್ ಹೊಗೆಯಾಡುವ ಮಡಕೆ ಹಿಡಿದು ಮುಂದೆ ಓಡುತ್ತಿದ್ದ. ಸೀತಾರಾಮ, ಅನಂತರಾಮ, ಲಿಂಗರಾಜ ಯಾರದೋ ಸ್ಕೂಟರುಗಳ ಹಿಂದೆ ನಾಚಿಕೆ ಇಲ್ಲದೆ ಹತ್ತಿ ಕೂತರು.

"ಬನ್ನಿ ಸಾರ್, ಇಲ್ಲೊಂದು ಜಾಗ ಇದೆ!" ಎಂದು ಸೀತಾರಾಮ ಕೂಗಿದ.

"ಹೆಣದ ಹಿಂದ ಸ್ಕೂಟರಿನ್ಯಾಗ ಬರಾವಲ್ಲ ನಾ," ಎಂದ ಜನಾರ್ದನ. ಹೇಳಿದ ಮೇಲೆ ಅದರ ಬೆಲೆ ಗೊತ್ತಾಯಿತು. ತಿರುವಿನಾಚೆ ಚಟ್ಟ ಕಾಣದಾಯಿತು. ಸ್ಕೂಟರುಗಳೂ ಹೋದವು. 'ರಾಮ್ ಬೋಲೋ' ತೆಳ್ಳಗಾಗುತ್ತ ಹೋಯಿತು. ಅವನೊಬ್ಬನೇ ಉಳಿದ, ಬೆವರಿನಲ್ಲಿ ತೊಯ್ದು. ಜನವರಿಯ ಗಾಳಿ ಬೆನ್ನಿಗೆ ತಣ್ಣಗೆ ಹೊಡೆಯುತ್ತಿತ್ತು. ಒಂದು ಹೆಜ್ಜೆ ಎತ್ತಿದರೆ ಇನ್ನೊಂದು ಬರಲಿಲ್ಲ. ನೋಡಿದರೆ ಗುಲಾಬಿ ಬಣ್ಣದ ಪಟದ ದಾರ ಎರಡೂ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿತ್ತು. ಬಗ್ಗಿ ಬಿಡಿಸಲು ಹೊಟ್ಟೆ ಬಿಡಲಿಲ್ಲ.

ತಾಪಿ ದಂಡೆಯ ಮಸಣದ ಕಡೆಯಿಂದ ಒಬ್ಬ ಓಡುತ್ತ ಹಿಂದಕ್ಕೆ ಬಂದ. ಹಸ್ಮುಖ್‌ಭಾಯಿ.

"ಏನಾತು? ಯಾಕ ಬಂದ್ರಿ?" ಎಂದು ಜನಾರ್ದನ ಕನ್ನಡದಲ್ಲೇ ಗದರಿದ.

ಅವನಿಗೆ ಅದು ತಿಳಿಯಲಿಲ್ಲ. ಮೊಳಕಾಲೂರಿ ಕೂತು, ದಾರವನ್ನು ಹಲ್ಲಿನಿಂದ ಕಡಿದ. ಎದ್ದು, ಹಿಂದಿಯಲ್ಲಿ, ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ ಹೇಳಿದ: ಕಡೆಯವನನ್ನು ಹಿಂದೆ ಬಿಟ್ಟು ಕಾಕಾ ಎಂದೂ ಓಟ ಮುಗಿಸಿದವರಲ್ಲ, ಮುಟ್ಟುವ ಜಾಗ ಕಂಡರೂ ತಿರುಗಿ ಹೋಗಿ ಅವನನ್ನು ಕರೆತರುತ್ತಿದ್ದರು. ಬೆಂಕಿ ಇಡುವುದನ್ನು ನಿಮಗಾಗಿ ತಡೆದಿದ್ದೇವೆ.

ಜನಾರ್ದನ ಒಂದು ಹೆಜ್ಜೆ ಮುಂದಿಟ್ಟ. ಉಸಿರಿರಲಿಲ್ಲ.

ಹಸ್ಮುಖ್‌ಭಾಯಿ ಅವನ ಮೊಣಕೈಗೆ ಮೆಲ್ಲಗೆ ಕೈ ಹಾಕಿ, ಅರ್ಥ ಗೊತ್ತಿಲ್ಲದ, ಆದರೆ ಎಷ್ಟೋ ಚಳಿಯ ಬೆಳಗುಗಳಲ್ಲಿ ಕೇಳಿ ಬಾಯಿಗೆ ಬಂದುಬಿಟ್ಟ ಮಾತನ್ನು ಹೇಳಿದ:

"ಬಂತೂ, ಕಾಕಾ. ಬಂತೂ, ಬಂತೂ."

ನದಿ ಎಲ್ಲಿಯೂ ಕಾಣುತ್ತಿರಲಿಲ್ಲ. ಜನಾರ್ದನ ಪಂಚೆಯ ಚುಂಗನ್ನು ಬಾಯಲ್ಲಿ ಕಚ್ಚಿಕೊಂಡು ಓಡತೊಡಗಿದ, ಹೆಬ್ಬೆರಳಿಗೆ ಉಳಿದ ಗುಲಾಬಿ ದಾರದ ತುಂಡು ಹಿಂದೆ ನೆಲದ ಮೇಲೆ ಹರಿದಾಡುತ್ತ ಬಂತು.